ಎಡ ಚಕ್ರದ ನಟ್ಟುಗಳು ನನ್ನ ಹತ್ತಿರ ಇವೆ

ಡಾರೆಲ್,

ಕೂಗಾಡಬೇಡ ಕಣೋ. ನಿನ್ನ ಪಿಕಪ್ಪಿನ ಮುಂದಿನ ಎಡ ಚಕ್ರ ಬಿಚ್ಚಿದ್ದು ನಾನೇ. ನಟ್ಟುಗಳು ನನ್ನ ಊಟದ ಡಬ್ಬಿಯಲ್ಲಿವೆ.

ನೀನು ಗಾಡಿಯ ಮೂತಿ ಎತ್ತರಿಸಿದೆ, ದೊಡ್ಡ ಟೈರ್ ಹಾಕಿದೆ. ಆ ಭಾರ ತಡೆದು ಚಕ್ರವನ್ನು ಹಿಡಿದಿಡಬೇಕಾದ ಬಾಲ್ ಜಾಯಿಂಟ್ ಮಾತ್ರ ಹಳೆಯದೇ. ಸನ್ನೆಕೋಲು ಹಾಕಿ ಮೀಟಿ ನೋಡು, ಹಾಲುಹಲ್ಲಿನ ಹಾಗೆ ಅಲ್ಲಾಡುತ್ತದೆ. ಸಂಜೆಯ ಮೆಕ್ಯಾನಿಕ್ ಕ್ಲಾಸಿನಲ್ಲಿ ನಾನು ಕಲಿತದ್ದು ನಾಲ್ಕಕ್ಷರ, ತಪ್ಪು ನನ್ನದೇ ಇರಬಹುದು ಅಂತ ಮತ್ತೆ ಮತ್ತೆ ನೋಡಿದೆ. ತಪ್ಪಲ್ಲ. ಅಪ್ಪನನ್ನು ಕೂರಿಸಿಕೊಂಡು ನೀನು ಇದರಲ್ಲಿ ಘಾಟಿ ಇಳಿಯುವುದಕ್ಕೆ ನಾನು ಬಿಡುವುದಿಲ್ಲ.

ನನ್ನ ಕಾರಿನ ಕೀಲಿ ಫ್ರಿಜ್ಜಿನ ಮೇಲಿದೆ. ಎಲ್ಕ್ ಜಿಂಕೆಯ ಬೇಟೆಗೆ ಅದರಲ್ಲೇ ಹೋಗಿ. "ಅಕ್ಕನ ಕಾರಲ್ಲಿ ಬಂದ ನೋಡ್ರೋ ಶೂರ" ಅಂತ ಗೆಳೆಯರು ನಕ್ಕರೆ ನನಗೆ ಬೈಯಿ. ಬೈಯುವುದಕ್ಕಾದರೂ ಇಬ್ಬರೂ ಮನೆಗೆ ಬನ್ನಿ.

ಅಕ್ಕ ವರ್ನಾ