ಸಾಮಾನು ಇಡಲು ಹತ್ತಿದವನು

ಮಹಡಿ ಕೋಣೆ, ಮನೆ
ಡಿಸೆಂಬರ್ ಇಪ್ಪತ್ತೆಂಟು, ಮಧ್ಯಾಹ್ನ

ಪ್ರೀತಿಯ ಪಾಪು,

ನಮ್ಮ ವಂಶದ ಸಮಸ್ತ ಹಿರಿಯರಿಗೂ ಕಿರಿಯರಿಗೂ, ನೆಲದ ಮೇಲೆ ನಿಂತಿರುವವರಿಗೂ ನಿನ್ನಂತೆ ನೀರಿನ ಮೇಲೆ ತೇಲುತ್ತಿರುವವರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಮ್ಮ ಟಿವಿಯ ರಿಮೋಟು ಸಿಕ್ಕಿದೆ. ಅಮ್ಮನ ಹೊಲಿಗೆ ಡಬ್ಬಿಯಲ್ಲಿ, ಬಣ್ಣಬಣ್ಣದ ಗುಂಡಿಗಳ ನಡುವೆ, ತಾನೂ ಅವುಗಳ ಕುಲಬಾಂಧವನೆಂಬಂತೆ ಮಲಗಿತ್ತು. "ನಾನಂತೂ ಇಟ್ಟಿಲ್ಲಪ್ಪ" ಎಂದಳು ಅಮ್ಮ. ಅಮ್ಮ ಇಡದ ವಸ್ತುಗಳೆಲ್ಲ ಅಮ್ಮನ ಡಬ್ಬಿಗಳಲ್ಲೇ ಸಿಗುವುದು ಈ ಮನೆಯ ಹಳೆಯ ಪವಾಡ, ನಿನಗೇನೂ ಹೊಸದಲ್ಲ.

ನೀನು ಹೇಗಿದ್ದೀಯ? ದವಡೆಯ ಹಲ್ಲು ಇನ್ನೂ ಬಾಯಲ್ಲೇ ಇದೆಯೋ, ಇಲ್ಲ ಯಾವುದಾದರೂ ಬಂದರಿನಲ್ಲಿ ಇಳಿದು ಹೋಯಿತೋ? ನಿಮ್ಮ ಹಡಗಿನ ಅಡುಗೆಯವನು ಉಪ್ಪು ಹಾಕುವ ಬದಲು ಸಮುದ್ರದಲ್ಲೇ ಒಂದು ಸಲ ಅದ್ದಿ ತೆಗೆಯುತ್ತಾನೆ ಎಂದು ಬರೆದಿದ್ದೆ. ಅದನ್ನು ಓದಿ ಅಮ್ಮ ಎರಡು ಹೊತ್ತು ಸರಿಯಾಗಿ ಉಣ್ಣಲಿಲ್ಲ. ಇನ್ನು ಮೇಲೆ ತಮಾಷೆಗಳ ಪಕ್ಕದಲ್ಲಿ ತಮಾಷೆ ಎಂದು ಬರೆ. ಎಂಜಿನ್ ಕೋಣೆಯ ಸೆಕೆಯಲ್ಲಿ ನೀರು ಕುಡಿಯುತ್ತಿರು. ಅಮ್ಮನ ಮಂಡಿ ಎಂದಿನಂತೆ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನನಗೆ ಕನ್ನಡಕ ಬದಲಾಯಿತು, ಹಾಗಾಗಿ ನನ್ನ ಅಕ್ಷರ ಈಗ ನನಗೂ ಓದಲು ಬರುತ್ತಿದೆ. ಅಪ್ಪನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಇಲ್ಲಿ ವರ್ಷಾಂತ್ಯದ ರಜೆ. ಬೀದಿಯಲ್ಲಿ ಅರ್ಧ ಮನೆಗಳಿಗೆ ಬೀಗ. ಎದುರುಮನೆಯ ದಂತವೈದ್ಯರು ಸಂಸಾರ ಸಮೇತ ಪ್ರವಾಸ ಹೊರಟು, ಬೆಕ್ಕನ್ನು ನಮ್ಮ ಸುಪರ್ದಿಗೆ ಬಿಟ್ಟರು. ಆ ಕ್ಷಣದಿಂದ ಬೆಕ್ಕು ನಮ್ಮನ್ನು ತನ್ನ ಸುಪರ್ದಿಗೆ ತೆಗೆದುಕೊಂಡಿದೆ. ನನಗೆ ಮಾತ್ರ ರಜೆಯಿಲ್ಲ. ನಮ್ಮ ವಾರಪತ್ರಿಕೆಯ ಸಂಪಾದಕರು ಡಿಸ್ಕುಗಳ ಒಂದು ಡಬ್ಬವನ್ನು ನನ್ನ ಮೇಜಿನ ಮೇಲಿಟ್ಟು, "ಊರು ಬಿಟ್ಟು ಹೋದೋರು ಹೋದ್ರು. ಮಿಕ್ಕೋರು ಮನೇಲಿ ಕಾಲು ಚಾಚ್ಕೊಂಡು ಹಳೇ ಸಿನಿಮಾ ನೋಡ್ತಾರೆ. ಯಾವುದಕ್ಕೆ ಎಚ್ಚರ ಇರ್ಬೇಕು, ಯಾವುದಕ್ಕೆ ನಿದ್ದೆ ಮಾಡ್ಬಹುದು ಅಂತ ಬರೀರಿ. ನಗು ಇರ್ಲಿ, ಅಳು ಬೇಡ" ಎಂದು ಅಪ್ಪಣೆ ಕೊಡಿಸಿದರು. ಡಬ್ಬದ ಮೇಲೆ ಚಿನ್ನದ ಬಣ್ಣದಲ್ಲಿ 'ಮೇರುಕೃತಿಗಳು' ಎಂದು ಅಚ್ಚಾಗಿತ್ತು. ತೆರೆದು ನೋಡುತ್ತೇನೆ, ಪಾಪು, ಒಳಗೆ ನಮ್ಮವು. ನಮ್ಮ ಟೋಪಿ ಸಿನಿಮಾ, ನಮ್ಮ ಕುದುರೆ ಸಿನಿಮಾ, ನಮ್ಮ ಮಳೆ ಸಿನಿಮಾ.

ಅವಕ್ಕೆ ಬೇರೆ ಹೆಸರುಗಳಿವೆ ಎಂದು ಗೊತ್ತಾದಾಗ ಯಾರೋ ನಿನ್ನನ್ನು ಪೂರ್ತಿ ಹೆಸರಿನಿಂದ ಕರೆದಂತೆ ಕಸಿವಿಸಿಯಾಯಿತು. ನೆನಪಿದೆಯಲ್ಲ, ಅಪ್ಪ ಹರಾಜು ಕೂಗುತ್ತಿದ್ದ ಆ ಹಳೇ ಸಾಮಾನಿನ ಮಳಿಗೆ, ಅಲ್ಲಿ ಯಾರೂ ಕೂಗದೆ ಉಳಿದ ಆ ವಿಡಿಯೊ ಪ್ಲೇಯರು? ಚಿತ್ರ ಚೆನ್ನಾಗಿ ಬರುತ್ತಿತ್ತು, ಸದ್ದು ಸತ್ತು ಹೋಗಿತ್ತು. ಅದರ ಜೊತೆಗೆ ಚೀಟಿ ಕಿತ್ತುಹೋದ ಒಂದು ರಾಶಿ ಕ್ಯಾಸೆಟ್ಟು. ಯಂತ್ರವನ್ನು ಹೆಗಲ ಮೇಲೆ ಹೊತ್ತು ತಂದ ಅಪ್ಪ, "ಸದ್ದು ಇಲ್ದಿದ್ರೆ ಏನಾಯ್ತು? ನಾನಿಲ್ವಾ?" ಎಂದು ಟಿವಿಯ ಪಕ್ಕ ಕುರ್ಚಿ ಎಳೆದು ಕೂತುಬಿಟ್ಟ. ಅಂದಿನಿಂದ ಪ್ರತಿ ರಜೆಯಲ್ಲೂ ಅವನೇ ನಾಯಕ, ಅವನೇ ನಾಯಕಿ, ಅವನೇ ಪೊಲೀಸು, ಅವನೇ ಗುಡುಗು. ವೃತ್ತಿಧರ್ಮ ಬಿಡಬೇಕಲ್ಲ? ಟೋಪಿ ಸಿನಿಮಾದಲ್ಲಿ ನಾಯಕ ಮದುವೆಯ ಮಾತೆತ್ತಿದರೆ, "ಈ ಕೈ, ಕೆಲಸಕ್ಕೆ ಗಟ್ಟಿ, ಸ್ವಲ್ಪ ಬಳಸಿದ್ದು. ಒಂದನೇ ಸಲ, ಎರಡನೇ ಸಲ, ಬೇಗ ಹೇಳಮ್ಮ, ಹಿಂದಿನ ಸಾಲಿನಲ್ಲಿ ಇನ್ನೊಬ್ಬಳು ಕೈ ಎತ್ತಿದಾಳೆ" ಎನ್ನುತ್ತಿದ್ದ. ಆ ಹುಡುಗಿ ತೆರೆಯ ಮೇಲೆ ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. ನಾವಿಬ್ಬರು ಹೊಟ್ಟೆ ಹಿಡಿದುಕೊಂಡು ಉರುಳುತ್ತಿದ್ದೆವು. ಪ್ರೇಮ ಎಂದರೆ ಚೌಕಾಸಿಯ ಒಂದು ಬಗೆ ಎಂದು ನಾನು ಬಹುಕಾಲ ನಂಬಿದ್ದೆ. ನನಗಿನ್ನೂ ಮದುವೆಯಾಗದಿರಲು ಇದೇ ಕಾರಣ ಎಂದು ಅಮ್ಮ ಈಗಲೂ ವಾದಿಸುತ್ತಾಳೆ.

ಇರಲಿ. ಹೊಸ ಡಿಸ್ಕುಗಳಲ್ಲಿ ಸದ್ದಿದೆ. ಅದೂ ತಜ್ಞರು ತೊಳೆದು ಒಣಗಿಸಿದ ಸದ್ದು. ಕೆಳಗೆ ಅರ್ಥವನ್ನೂ ಬರೆದಿರುತ್ತಾರೆ. ಟೋಪಿ ಸಿನಿಮಾ ಹಾಕಿದೆ. ನಾಯಕನಿಗೆ ಶೀತವಾದವನ ದನಿ. ಕೊಲೆಗಾರ ಅಂದುಕೊಂಡಿದ್ದೆವಲ್ಲ ಆ ಗಡ್ಡದವನು, ಅವನು ಬರೀ ನಾಯಕಿಯ ಸೋದರಮಾವ, ಪಾಪ, ಊಟಕ್ಕೆ ಬಂದಿದ್ದಾನೆ. ಅಡುಗೆಮನೆಯಿಂದಲೇ ಕಿವಿಗೊಟ್ಟಿದ್ದ ಅಮ್ಮ, "ಯಾಕೆ ಹಾಗೆ ಪಿಸಪಿಸ ಅಂತಾಳೆ ಅವಳು? ಬೆಳಗ್ಗೆಯಿಂದ ಏನೂ ತಿಂದಿಲ್ವಾ?" ಎಂದಳು. ಕುದುರೆ ಸಿನಿಮಾದಲ್ಲಿ ಕುದುರೆ ಮಾತಾಡುವುದೇ ಇಲ್ಲ. ಇಷ್ಟು ದೊಡ್ಡ ಲೋಪವಿಟ್ಟುಕೊಂಡು ಅದಕ್ಕೆ ಪ್ರಶಸ್ತಿಗಳು ಹೇಗೆ ಬಂದವೋ. ಈ ಎರಡಕ್ಕೂ ವಿಮರ್ಶೆ ಬರೆದು ಮುಗಿಸಿದೆ. ಸಂಪಾದಕರು ಓದಿ ನಕ್ಕರಂತೆ. ಮಳೆ ಸಿನಿಮಾಕ್ಕೆ ಮಾತ್ರ ಈ ಕ್ಷಣದವರೆಗೂ ಒಂದು ಸಾಲು ಬರೆಯಲಾಗಿಲ್ಲ. ಯಾಕೆಂದು ಹೇಳಬೇಕಾದರೆ ಅಪ್ಪನ ವಿಷಯಕ್ಕೆ ಬರಲೇಬೇಕು.

ನಿನಗೆ ಅಮ್ಮ ಹೇಳಿಸಿದ್ದು ಗಂಟಲು ಕೆರೆತ, ಮಾತಾಡಬಾರದೆಂದು ವೈದ್ಯರು ಹೇಳಿದ್ದಾರೆ ಎಂದು. ಅಷ್ಟೇ ಅಲ್ಲ, ಪಾಪು. ನೀನು ಹಡಗು ಹತ್ತಿದ ಸ್ವಲ್ಪ ದಿನಕ್ಕೆ ಗಂಟಲಲ್ಲಿ ಗಂಟು ಕಾಣಿಸಿತು. ಕೆಟ್ಟ ಗಂಟು. ಶಸ್ತ್ರಚಿಕಿತ್ಸೆ ಮಾಡಿ ಗಂಟಿನ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆದರು. ಈಗ ಕುತ್ತಿಗೆಯ ಮುಂಭಾಗದಲ್ಲಿ ಒಂದು ತೂತು, ಉಸಿರು ಅಲ್ಲಿಂದಲೇ. ಮೇಲೊಂದು ತೆಳು ಬಟ್ಟೆ ಕಟ್ಟಿಕೊಂಡಿರುತ್ತಾನೆ. ರೋಗ ಪೂರ್ತಿ ಹೋಗಿದೆ, ಹೆದರಬೇಡ ಎಂದು ವೈದ್ಯರು ಹೇಳಿದ್ದಾರೆ, ನಾನೇ ಮತ್ತೆ ಮತ್ತೆ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ. ಆದರೆ ಮಾತು ಇನ್ನು ಬರುವುದಿಲ್ಲ. ಪಿಸುಮಾತೂ ಇಲ್ಲ. "ಸಮುದ್ರದ ಮಧ್ಯ ಇರೋನಿಗೆ ಹೇಳಿ ಏನು ಮಾಡ್ತೀಯ? ಈಜ್ಕೊಂಡು ಬರ್ತಾನಾ?" ಎಂದು ಅಮ್ಮ ನನ್ನ ಬಾಯಿ ಕಟ್ಟಿದ್ದಳು. ಅವಳು ಬಚ್ಚಿಟ್ಟದ್ದನ್ನು ಇಂದು ನಾನು ತೆಗೆದು ನಿನ್ನ ಕೈಗಿಡುತ್ತಿದ್ದೇನೆ. ಅವಳ ಮೇಲೆ ಸಿಟ್ಟಾಗಬೇಡ. ನಿನ್ನ ಪ್ರತಿ ಕಾಗದ ಬಂದಾಗಲೂ ಅವಳು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿಕೊಂಡು ಒಂದಿಷ್ಟು ಹೊತ್ತು ಕೂತಿರುತ್ತಾಳೆ.

ಮೊದಮೊದಲು ಅಪ್ಪ ಚೆನ್ನಾಗಿಯೇ ಇದ್ದ. ಕೈಸನ್ನೆಯಲ್ಲೇ ನನ್ನ ಹೊಸ ಕನ್ನಡಕವನ್ನು ಗೇಲಿ ಮಾಡಿದ. ಆಮೇಲೆ ಮಳಿಗೆಯ ಗೆಳೆಯರು ನೋಡಲು ಬಂದರು. ಮಾತು ಹೋದವನಿಗೆ ಕಿವಿಯೂ ಹೋಗಿರುತ್ತದೆ ಎಂದು ಆ ಪುಣ್ಯಾತ್ಮರಿಗೆ ಯಾರು ಹೇಳಿದರೋ, ಒಬ್ಬೊಬ್ಬರೂ ಅವನ ಮುಖಕ್ಕೆ ಮುಖವಿಟ್ಟು "ಹೇ... ಗಿ... ದ್ದೀ... ರಿ" ಎಂದು ಕಿರುಚಿದರು. ಮಳಿಗೆಯಲ್ಲಿ ತೂಕ ಹಾಕುವವನಂತೂ, ಅದೇ ನಿನಗೆ ಮೀಸೆ ತಿರುವಲು ಕಲಿಸಿದವನು, ಅಪ್ಪನ ಎದುರಿಗೇ ಅಮ್ಮನ ಕಡೆ ತಿರುಗಿ, "ಇವರಿಗೆ ಎಲ್ಲಾ ಅರ್ಥ ಆಗುತ್ತಾ?" ಎಂದು ಕೇಳಿದ. ಅಪ್ಪ ಎದ್ದು ಹಿಂದಿನ ಕೋಣೆಗೆ ಹೋದವನು ಮತ್ತೆ ಹೊರಗೆ ಬಂದು ಕೂತಿದ್ದು ಕಡಿಮೆ. ಊಟ ಅಲ್ಲಿಗೇ. ಆಸ್ಪತ್ರೆಯವರು ಬರೆದು ತೋರಿಸಲು ಕೊಟ್ಟ ಹಲಗೆಯನ್ನು ಮುಟ್ಟುವುದಿಲ್ಲ. ಹೇಳಿ ಕೇಳಿ ಹರಾಜು ಕೂಗಿದವನು, ಅವನಿಗೆ ಮಾತು ಎಂದರೆ ಅದರ ವೇಗ. ಹಲಗೆಯ ಮೇಲೆ ಒಂದು ನಗೆಮಾತು ಬರೆದು ಮುಗಿಸುವಷ್ಟರಲ್ಲಿ ಎದುರಿದ್ದವರಿಗೆ ಆಕಳಿಕೆ ಬಂದಿರುತ್ತದೆ. ಅದು ಅವನಿಗೆ ಗೊತ್ತು. ನನಗೆ ಭಯವಾಗಿರುವುದು ತೂತಿನ ಬಗ್ಗೆ ಅಲ್ಲ, ಆ ಕೋಣೆಯ ಬಾಗಿಲಿನ ಬಗ್ಗೆ. ದಿನೇ ದಿನೇ ಅದು ತೆರೆದುಕೊಳ್ಳುವುದು ಇಷ್ಟಿಷ್ಟೇ ಆಗುತ್ತಿದೆ.

ನಿನ್ನೆ ಮಧ್ಯಾಹ್ನ ಮಳೆ ಸಿನಿಮಾ ಹಾಕಿದೆ. ಬೇಕೆಂದೇ ಸದ್ದು ಜೋರು ಮಾಡಿದ್ದೆ, ಕೇಳಲಿ ಎಂದು. ರೈಲು ನಿಲ್ದಾಣದ ಭಾಗ ಬರುವಾಗ ಹಿಂದೆ ಉಸಿರಿನ ಸದ್ದಾಯಿತು. ಅಪ್ಪ ಬಾಗಿಲಲ್ಲಿ ನಿಂತಿದ್ದ. ನಾನು ತಿರುಗಿ ನೋಡಲಿಲ್ಲ. ಹಕ್ಕಿ ಬಂದು ಕೂತಾಗ ಯಾರಾದರೂ ತಿರುಗುತ್ತಾರೆಯೇ? ಅವನು ಮೆಲ್ಲನೆ ಬಂದು ಕುರ್ಚಿ ಎಳೆದುಕೊಂಡು ಟಿವಿಯ ಪಕ್ಕ, ನನಗೆ ಎದುರಾಗಿ, ಅದೇ ಹಳೆಯ ಜಾಗದಲ್ಲಿ ಕೂತ. ಕೈ ಚಾಚಿದ. ರಿಮೋಟು ಕೊಟ್ಟೆ. ಸದ್ದು ನಿಲ್ಲಿಸಿದ. ಆಮೇಲೆ ಅವನ ತುಟಿಗಳು ಅಲ್ಲಾಡತೊಡಗಿದವು, ಪಾಪು. ತೆರೆಯ ಮೇಲಿನವನಿಗಿಂತ ಅರ್ಧ ಮಾತು ಮುಂದೆ.

ಅವನು ನನ್ನನ್ನೇ ನೋಡುತ್ತಿದ್ದ. ಆಮೇಲೆ ನಾನು ಅವನ ತುಟಿ ನೋಡಿಕೊಂಡು ಗಟ್ಟಿಯಾಗಿ ಹೇಳಲು ಶುರುಮಾಡಿದೆ. "ಏನ್ರೀ ಕೂಲಿಯವರೇ, ಎರಡು ಪೆಟ್ಟಿಗೆಗೆ ಇಷ್ಟು ಕೇಳ್ತೀರಲ್ಲ, ಒಳಗೆ ನಮ್ಮತ್ತೆ ಕೂತಿದಾರಾ?" ಎಂದೆ. ಅಪ್ಪ ತೊಡೆ ತಟ್ಟಿದ. ಅದು ಭೇಷ್ ಅಲ್ಲ, ತಪ್ಪು. ನಿಧಾನವಾಯಿತಂತೆ. ಮತ್ತೆ ಹೇಳಿದೆ, ವೇಗವಾಗಿ. ಅಷ್ಟರಲ್ಲಿ ಅಮ್ಮ ಒದ್ದೆ ಕೈ ಸೆರಗಿಗೆ ಒರೆಸುತ್ತ ಬಂದವಳು, ನಿಂತಲ್ಲಿಂದಲೇ ನಾಯಕಿಯ ತಾಯಿಯ ಮಾತು ಎತ್ತಿದಳು: "ಛತ್ರಿ ಮರ್ತೆಯೇನೋ ಮಾರಾಯ, ನೆನೆದು ಬಂದ್ರೆ ಕಷಾಯ ಮಾಡೋಳು ನಾನೇ." ಒಂದಕ್ಷರ ಬಿಟ್ಟಿರಲಿಲ್ಲ. ಇಷ್ಟು ವರ್ಷ ಅವಳು ಬೇಳೆ ಆರಿಸುತ್ತ ಕೂತಿದ್ದಳು ಎಂದುಕೊಂಡಿದ್ದೆವಲ್ಲ, ಕಳ್ಳಿ. ಅಪ್ಪನ ಹೊಟ್ಟೆ ಕುಲುಕಿತು. ನಕ್ಕರೆ ಅವನಿಗೀಗ ಸದ್ದಿಲ್ಲ, ಕುತ್ತಿಗೆಯ ಬಟ್ಟೆ ಮಾತ್ರ ಪಟಪಟ ಹಾರುತ್ತದೆ.

ಆಮೇಲೆ ಕೊನೆ ಬಂತು. ನಾಯಕ ರೈಲು ಹತ್ತುತ್ತಾನೆ, ಅವಳು ಮಳೆಯಲ್ಲಿ ನಿಂತಿರುತ್ತಾಳೆ, ರೈಲು ಅಲುಗುತ್ತದೆ. ನೀನು ಪ್ರತಿ ಸಲವೂ ಅಳಲು ಬಾಯಿ ತೆರೆಯುತ್ತಿದ್ದೆ, ಅಪ್ಪ ತಟ್ಟನೆ ಯಂತ್ರ ನಿಲ್ಲಿಸಿ, "ಏ ಪಾಪು, ಅವನು ಸಾಮಾನು ಇಡೋಕೆ ಹತ್ತಿದಾನೆ ಕಣೋ. ಇಟ್ಟು ಇಳೀತಾನೆ" ಎನ್ನುತ್ತಿದ್ದ. ನಾವು ಆಚೆಗಿನದನ್ನು ಯಾವತ್ತೂ ನೋಡಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಹಿಂದೊಮ್ಮೆ ಇದೇ ಅಂಕಣದಲ್ಲಿ, ಹೆಸರು ಗೊತ್ತಿಲ್ಲದ ಆ ಸಿನಿಮಾದ ಕತೆ ಹೇಳಿ 'ಸುಖಾಂತ' ಎಂದು ಬರೆದು ಓದುಗರಿಂದ ಉಗಿಸಿಕೊಂಡೆ. ಆಗಲೂ ಅವರೇ ಬೇರೆ ಸಿನಿಮಾ ನೋಡಿರಬೇಕು ಎಂದುಕೊಂಡಿದ್ದೆ. ನಿನ್ನೆಯೂ ಆ ಸಾಲು ನನ್ನ ನಾಲಗೆಯ ತುದಿಗೆ ಬಂತು. "ಅವನು ಸಾಮಾನು" ಎನ್ನುವಷ್ಟರಲ್ಲಿ ಅಪ್ಪ ಕೈ ಎತ್ತಿದ. ಬೇಡ ಎಂದು ತಲೆಯಾಡಿಸಿದ. ಅವನ ತುಟಿಗಳು ಮುಚ್ಚಿದ್ದವು. ರಿಮೋಟು ತೆಗೆದುಕೊಂಡು ತಾನೇ ಸದ್ದು ತಿರುಗಿ ಹಾಕಿದ.

ನಾಯಕ ಕಿಟಕಿಯಿಂದ ಹೇಳುವುದು ಒಂದೇ ಮಾತು: "ಕೈ ಬೀಸಬೇಡ, ನಾನು ಆ ಕಡೆ ನೋಡುವುದಿಲ್ಲ." ರೈಲು ಹೋಗುತ್ತದೆ. ಅವನು ಇಳಿಯುವುದಿಲ್ಲ. ಅವಳು ಕೈ ಬೀಸುತ್ತಾಳೆ. ಹೆಸರುಗಳೆಲ್ಲ ಮೇಲೆ ಹರಿದು ಹೋಗಿ ತೆರೆ ಕಪ್ಪಾಗುವವರೆಗೆ ಮೂವರೂ ಕೂತೇ ಇದ್ದೆವು. ಅಮ್ಮ ಅಪ್ಪನ ಕುತ್ತಿಗೆಯ ಬಟ್ಟೆ ಬಿಚ್ಚಿ, ಒಣಗಿದ್ದನ್ನು ಕಟ್ಟಿದಳು. ಅವನು ಎದ್ದು ಹೋಗುವಾಗ ನನ್ನ ತಲೆಯ ಮೇಲೊಮ್ಮೆ ಕೈಯಿಟ್ಟು, ಕೋಣೆಗೆ ಹೋದ. ಬಾಗಿಲು ಮುಚ್ಚಿಕೊಂಡ. ಇಂದು ಹೊರಗೆ ಬಂದಿಲ್ಲ.

ಈಗ ಹೇಳು, ಇದಕ್ಕೆ ಎಷ್ಟು ನಕ್ಷತ್ರ ಕೊಡಲಿ? ಮೇರುಕೃತಿ ನಿಜ, ಒಪ್ಪುತ್ತೇನೆ. ಆದರೆ ನಮ್ಮ ಮನೆಯಲ್ಲಿ ಇದ್ದ ಪ್ರತಿ ಇದಕ್ಕಿಂತ ಒಳ್ಳೆಯದಿತ್ತು, ಅದು ಇನ್ನು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಎಂದು ಬರೆದರೆ ಸಂಪಾದಕರು 'ಅಳು ಬೇಡ ಅಂದಿದ್ದೆ' ಎಂದು ಹೊಡೆದು ಹಾಕುತ್ತಾರೆ. ಬೆಕ್ಕಿನ ಬಗ್ಗೆ ಬರೆದು ಜಾಗ ತುಂಬಿಸುತ್ತೇನೆ, ಬಿಡು.

ನಿನ್ನ ಜೊತೆಯ ಎಂಜಿನ್ ಕೋಣೆಯವರಿಗೆಲ್ಲ ನನ್ನ ನೆನಪು ಹೇಳು. ಸಮುದ್ರ ನಿನ್ನನ್ನು ಚೆನ್ನಾಗಿ ನೋಡಿಕೊಳ್ಳಲಿ, ಹಲ್ಲು ತಣ್ಣಗಿರಲಿ. ಅಮ್ಮ ಹರಸುತ್ತಿದ್ದಾಳೆ, ಮೈ ಕೈ ಜೋಪಾನ ಎನ್ನುತ್ತಿದ್ದಾಳೆ. ನಾನು ಏನು ಬರೆಯುತ್ತಿದ್ದೇನೆ ಎಂದು ಅವಳಿಗೆ ಗೊತ್ತಿಲ್ಲ.

ಇತಿ,
ನಿನ್ನ ಒಬ್ಬಳೇ ಅಕ್ಕ

ತಾ. ಕ.: ಅಂಚೆಪೆಟ್ಟಿಗೆ ತೆರೆಯುವ ಹೊತ್ತಾಯಿತು, ಅವಸರದಲ್ಲಿ ಬರೆಯುತ್ತಿದ್ದೇನೆ. ಬಂದರಿನಿಂದ ಮಧ್ಯಾಹ್ನ ಫೋನ್ ಮಾಡಿದರೆ ಯಾರೋ ಎತ್ತುತ್ತಾರೆ, ಬರೀ ಗಾಳಿ ಬೀಸಿದ ಸದ್ದು, ಲೈನ್ ರಿಪೇರಿ ಮಾಡಿಸಿ ಎಂದು ಹೋದ ಕಾಗದದಲ್ಲಿ ಬೈದಿದ್ದೆಯಲ್ಲ. ಲೈನ್ ಸರಿಯಾಗಿದೆ. ನಾನು ಕಚೇರಿಯಲ್ಲಿ, ಅಮ್ಮ ಪೇಟೆಯಲ್ಲಿ ಇರುವಾಗ ಅಪ್ಪ ಕೋಣೆಯಿಂದ ಎದ್ದು ಬಂದು ಎತ್ತುತ್ತಾನೆ. ಒಂದು ದಿನ ನಾನು ಬೇಗ ಬಂದೆ. ನೀನು ಆಗಲೇ ಇಟ್ಟುಬಿಟ್ಟಿದ್ದೆ, ಖಾಲಿ ಲೈನಿನ ಕೊಂಯ್ ಎನ್ನುವುದು ನನಗೆ ಬಾಗಿಲಿನವರೆಗೂ ಕೇಳಿಸುತ್ತಿತ್ತು. ಅವನು ಇನ್ನೂ ಕಿವಿಗೆ ಹಿಡಿದುಕೊಂಡೇ ನಿಂತಿದ್ದ. ಆದ್ದರಿಂದ ಇಷ್ಟು ಮಾಡು. ಮುಂದಿನ ಬಂದರಿನಿಂದಲೂ ಮಧ್ಯಾಹ್ನವೇ ಮಾಡು, ನಾವಿಬ್ಬರೂ ಮನೆಯಲ್ಲಿಲ್ಲದಾಗ. ಹಲೋ ಹಲೋ ಎಂದು ಕಾಯಬೇಡ, ಆ ಗಾಳಿ ಕೇಳಿಸಿದ ಕೂಡಲೇ ಅಪ್ಪಾ ಎಂದು ಮಾತು ಶುರುಮಾಡು. ಏನಾದರೂ ಹೇಳುತ್ತಿರು. ಮುಗಿದ ಮೇಲೆ, ಮೊದಲು ನೀನು ಇಡಬೇಡ.