ಕಿಸೆಯೊಳಗಿನ ಉಳ್ಳಾಗಡ್ಡಿ

ದೋಹಾ, ಆಗಸ್ಟ್ ೧೪

ಅವ್ವ, ನಿನ್ನ ಕಾಲಿಗೆ ನಮಸ್ಕಾರ.

ಬಿಸಿಲು ಬಡಿಯದಿರಲೆಂದು ನೀನು ಹೇಳಿದಂತೆ ಕಿಸೆಯಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡೇ ಕೆಲಸಕ್ಕೆ ಹೋಗುತ್ತಿದ್ದೇನೆ. ಆದರೆ ಇದು ನಮ್ಮ ರಾಯಚೂರಿನ ಒಣ ಬಿಸಿಲಲ್ಲ. ಮೂರು ಕಡೆ ಸಮುದ್ರ. ಗಾಳಿಯೇ ಒದ್ದೆ, ಬೆವರು ಆರುವುದೇ ಇಲ್ಲ.

ಸೋಮವಾರ ನಮ್ಮೂರ ಬಸವಲಿಂಗನಿಗೆ ಇದ್ದಕ್ಕಿದ್ದಂತೆ ಬೆವರು ನಿಂತಿತು. "ಮೈ ಒಣಗೈತಿ, ಸೆಕಿ ಇಳೀತು ನೋಡಲೇ" ಎಂದು ನಕ್ಕವನು ಅಲ್ಲೇ ಬಿದ್ದ. ಇನ್ನೂ ಕಣ್ಣು ತೆರೆದಿಲ್ಲ. ಬೆವರು ನಿಲ್ಲುವುದೇ ಅಪಾಯ ಎಂದರು ಡಾಕ್ಟರ್. ಅಂದಿನಿಂದ ಗಳಿಗೆಗೊಮ್ಮೆ ಹಣೆ ಮುಟ್ಟಿ ನೋಡಿಕೊಳ್ಳುತ್ತೇನೆ. ಕೈ ಒದ್ದೆಯಾದರೆ ಜೀವ ಬಂದಂತಾಗುತ್ತದೆ.

ತಮ್ಮನನ್ನು ಈಗ ಕಳಿಸಬೇಡ, ದೀಪಾವಳಿ ಕಳೆಯಲಿ. ಉಳ್ಳಾಗಡ್ಡಿ ಕೊಟ್ಟು ಕಳಿಸುತ್ತೇನೆ ಎನ್ನಬೇಡ. ಆಸ್ಪತ್ರೆಯವರು ಬಸವಲಿಂಗನ ಅಂಗಿ ನನ್ನ ಕೈಗೆ ಕೊಟ್ಟರು. ಅದರ ಕಿಸೆಯಲ್ಲೂ ಒಂದಿತ್ತು.

ನಿನ್ನ ಹಿರಿಮಗ,
ನೀಲಕಂಠಪ್ಪ