ಸಣ್ಣಪ್ಪನ ಹೆಸರು ಬರೆದ ಆಟ

ಚಿತ್ರದುರ್ಗ, ಸೋಮವಾರ

ಎರಡು ಸಲ ಕೇಳಿದ್ರೂ ಸಾಹುಕಾರ ರಜೆ ಕೊಡಲಿಲ್ಲ ನಿಂಗಕ್ಕ, ಇಲ್ದಿದ್ರೆ ನಾನೇ ಮಾರಿಕಣಿವೆಗೆ ಬರ್ತಿದ್ದೆ. ಇಲ್ಲಿ ಆಟದ ಸಾಮಾನಿನ ಅಂಗಡಿ ಶಿವಕುಮಾರಪ್ಪ ಭಾನುವಾರ ಹೊಸಬರನ್ನ ಕೂರಿಸಿ ಪುಕ್ಕಟೆ ಒಂದು ಫಾರಿನ್ ಆಟ ಕಲಿಸ್ತಾರೆ. ಮಣೆ ಇಲ್ಲ, ಕಾಯಿ ಇಲ್ಲ. ಹಾಳೆ ಮೇಲೆ ಒಬ್ಬ ಮನುಷ್ಯನ ಹೆಸರು ಬರೀಬೇಕು. ಅವರು ಜಾಗ ಹೇಳ್ತಾರೆ, ಅಲ್ಲಿ ನಮ್ಮ ಮನುಷ್ಯ ಏನ್ ಮಾಡ್ತಾನೆ ಅಂತ ನಾವು ಹೇಳಿ ದಾಳ ಹಾಕ್ಬೇಕು. ನಂಗೆ ಯಾವ ಹೆಸರೂ ಹೊಳೀಲಿಲ್ಲ, ತಮ್ಮ ಸಣ್ಣಪ್ಪನದೇ ಬರೆದೆ.

"ಮುಂದೆ ಕೆರೆ ತೂಬು ಐತೆ, ಒಳಗೆಲ್ಲ ಕತ್ತಲೆ. ಇಳಿತಾನೇನಪ್ಪ ನಿನ್ನ ಸಣ್ಣಪ್ಪ?"

"ಇಳೀಲಿ ಬಿಡ್ರಿ, ಅವನಿಗೇನು ಭಯ!"

ದಾಳದಲ್ಲಿ ಒಂದು ಬಿತ್ತು, ಒಂದು ಬಿದ್ರೆ ಕೆಟ್ಟಂಗೆ. ಎಲ್ರೂ ನಕ್ರು.

"ಆಳು ಮೇಲೆ ಬರಲಿಲ್ಲ ಕಣಪ್ಪ. ಎಡಗಾಲಿನ ಚಪ್ಪಲಿ ಒಂದೇ ತೇಲ್ತಾ ಐತೆ. ಬಾರಿಗೆ ಕೆಂಪು ವೈರು ಸುತ್ತೈತೆ."

ನಾನು ಊರು ಬಿಡೋ ದಿನ ಅವನ ಚಪ್ಪಲಿಗೆ ಆ ವೈರು ಸುತ್ತಿಕೊಟ್ಟಿದ್ದು ನಾನೇ ಅಲ್ವೇನಕ್ಕ? ಇಲ್ಲಿ ಯಾರಿಗೂ ಹೇಳಿಲ್ಲ. ಹೆಂಗೆ ಗೊತ್ತಾಯ್ತು ಅಂದ್ರೆ "ಬಾಯಿಗೆ ಬಂತಪ್ಪ" ಅಂತಾರೆ.

ನೀನು ಕೇಳಿದ್ದೆಯಲ್ಲ, ನನ್ನ ಜ್ವರ ಬಿಟ್ಟೈತೆ. ಅವನನ್ನ ತೂಬಿನ ಕಡೆ ಬಿಡಬೇಡ. ಅಂಗಡಿ ನಂಬರು ಅಡ್ರೆಸ್ಸಿನ ಪಕ್ಕ ಬರೆದೀನಿ, ಡ್ಯಾಮ್ ಆಫೀಸಿಂದ ಫೋನ್ ಮಾಡ್ಸು. ನೀನಲ್ಲ, ಅವನೇ ಮಾತಾಡ್ಲಿ. ಗುರುವಾರ ಬೆಳಗ್ಗೆ ಹತ್ತಕ್ಕೆ.